ಲಗ್ನಪತ್ರಿಕೆಗೆ ಬಳುಕುವ ಅಕ್ಷರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಲಗ್ನಪತ್ರಿಕೆಯಲ್ಲಿ ವಧೂವರರ ಇಂಗ್ಲಿಷ್ ಹೆಸರಿಗೆ ಎಡ್ವರ್ಡಿಯನ್ ಸ್ಕ್ರಿಪ್ಟ್ ಫಾಂಟ್ ಬಳಸಿದೆವು. ಅಕ್ಷರಗಳ ಕೊಂಡಿ ಕಳಚಿಕೊಂಡಿದೆ, ಚಿನ್ನದ ಫಾಯಿಲ್‌ನಲ್ಲಿ ತೆಳುಗೆರೆ ಅಲ್ಲಲ್ಲಿ ಮಾಯವಾಗಿದೆ. ಏಕೆ? (ಹಾಸನ)

ಉತ್ತರ: ಇವು ಎರಡು ಬೇರೆ ತೊಂದರೆಗಳು. ಎಡ್ವರ್ಡ್ ಬೆಂಗ್ವಿಯಟ್ 1994ರಲ್ಲಿ ರೂಪಿಸಿದ ಈ ಫಾಂಟ್ ಉಕ್ಕಿನ ನಿಬ್ಬಿನ ಬರಹವನ್ನು ಅನುಸರಿಸುತ್ತದೆ. ಒಂದಕ್ಷರದ ಬಾಲ ಮುಗಿಯುವಲ್ಲೇ ಮುಂದಿನದು ಶುರುವಾಗಬೇಕು. ಹಾಗಾಗಿ ಟ್ರ್ಯಾಕಿಂಗ್ (ಎಲ್ಲ ಅಕ್ಷರಗಳ ನಡುವೆ ಸೇರಿಸುವ ಅಂತರ) 0 ಇರಲಿ. ಕರ್ನಿಂಗ್‌ನಲ್ಲಿ (ಜೋಡಿ ಅಕ್ಷರಗಳ ನಡುವಿನ ಅಂತರದಲ್ಲಿ) ಸಾಫ್ಟ್‌ವೇರ್ ಅಂದಾಜಿಸುವ 'ಆಪ್ಟಿಕಲ್' ಬೇಡ, ಫಾಂಟ್‌ನಲ್ಲೇ ಇರುವ ಅಂತರ ಬಳಸುವ 'ಮೆಟ್ರಿಕ್ಸ್' ಇಡಿ. ಕೊಂಡಿ ಕಳಚುವುದು ಹೆಚ್ಚಾಗಿ ಇಲ್ಲೇ. ಸಾಲನ್ನು ಎರಡೂ ಅಂಚಿಗೆ ಜಸ್ಟಿಫೈ ಮಾಡಿದರೂ ಅಂತರ ಹಿಗ್ಗೀತು. ಹೆಸರಿನ ಮೊದಲಕ್ಷರ ಮಾತ್ರ ದೊಡ್ಡದಿರಲಿ. ಎಲ್ಲವೂ ದೊಡ್ಡಕ್ಷರವಾದರೆ ಸುರುಳಿಗಳು ಒಂದಕ್ಕೊಂದು ಸಿಕ್ಕಿ ಹೆಸರು ಓದಲಾಗದು.

ಫಾಯಿಲ್‌ಗೆ ತೆಳುಗೆರೆ ಕಾರ್ಡಿನ ನಿಜ ಅಳತೆಯಲ್ಲಿ ಸುಮಾರು 0.5 ಪಾಯಿಂಟ್ ಇರಬೇಕು. ಒರಟು ಕಾಗದಕ್ಕೆ ಇನ್ನೂ ಹೆಚ್ಚು. ಕಡಿಮೆಯಿದ್ದರೆ ಅಕ್ಷರದ ಗಾತ್ರ ಹೆಚ್ಚಿಸಿ. ಇಲ್ಲವೇ ಮ್ಯಾಥ್ಯೂ ಕಾರ್ಟರ್ 1960ರ ದಶಕದಲ್ಲಿ ರೂಪಿಸಿದ ಸ್ನೆಲ್ ರೌಂಡ್‌ಹ್ಯಾಂಡ್‌ನ ಬೋಲ್ಡ್ ಹಿಡಿಯಿರಿ. ಅದರ ಗಾಂಭೀರ್ಯ ಲಗ್ನಪತ್ರಿಕೆಗೆ ಚೆನ್ನಾಗಿ ಒಪ್ಪುತ್ತದೆ. ಕಲ್ಯಾಣ ಮಂಟಪದ ಬಾಗಿಲಿಗೆ ಅದೇ ಹೆಸರನ್ನು ವಿನೈಲ್‌ನಲ್ಲಿ ಕತ್ತರಿಸುವುದಾದರೆ, ಕರ್ವ್‌ಗೆ (ಬರಿಯ ರೇಖಾಕೃತಿಗೆ) ಬದಲಿಸಿದ ಮೇಲೆ 'ವೆಲ್ಡ್' ಮಾಡಿ ಒಂದೇ ಆಕಾರವಾಗಿ ಬೆಸೆಯಲೇಬೇಕು. ಇಲ್ಲದಿದ್ದರೆ ಅಕ್ಷರಗಳು ಒಂದರ ಮೇಲೊಂದು ಬಂದ ಕಡೆಯೆಲ್ಲ ಪ್ಲಾಟರ್ (ಕತ್ತರಿಸುವ ಯಂತ್ರ) ಒಳಗೂ ಕೊಯ್ಯುತ್ತದೆ.

ಪ್ರಶ್ನೆ: ಕನ್ನಡದಲ್ಲೂ ಅದೇ ಬಳುಕು ಬರಲೆಂದು ಅಕ್ಷರವನ್ನು ಇಟಾಲಿಕ್ ಮಾಡಿದರೆ ಸಾಕೇ? (ಕಡೂರು)

ಉತ್ತರ: ದಯವಿಟ್ಟು ಬೇಡ. ಕನ್ನಡದ ಅಕ್ಷರಗಳು ಒಂದಕ್ಕೊಂದು ಕೈಹಿಡಿಯುವುದಿಲ್ಲ. ಚೆಲುವು ಇರುವುದು ಅಗಲ ನಿಬ್ಬಿನ ದಪ್ಪ-ತೆಳುವಿನಲ್ಲಿ, ತಲಕಟ್ಟಿನ ತಿರುವಿನಲ್ಲಿ, ಒತ್ತಕ್ಷರದ ಇಳಿತದಲ್ಲಿ. ಇಟಾಲಿಕ್ ಗುಂಡಿ ಒತ್ತಿದರೆ, ಆ ಫಾಂಟ್‌ಗೆ ಬೇರೆಯಾಗಿ ಬರೆದ ಓರೆ ರೂಪವಿಲ್ಲದಿದ್ದಾಗ, ಸಾಫ್ಟ್‌ವೇರ್ ಆಕಾರವನ್ನೇ ವಾಲಿಸುತ್ತದೆ. ಆಗ ಠ, ರ, ಬ ದಂಥ ದುಂಡಕ್ಷರಗಳ ದಪ್ಪ ತಪ್ಪು ಜಾಗಕ್ಕೆ ಜಾರುತ್ತದೆ. ದಪ್ಪ-ತೆಳುವಿಟ್ಟು ಬರೆದ ಫಾಂಟನ್ನೇ ಆರಿಸಿ.

ಕೊಳ್ಳುವ ಮೊದಲು ಲಕ್ಷ್ಮೀ, ಜ್ಯೋತ್ಸ್ನಾ, ಕೀರ್ತಿ, ರಾಜ್‌ಕುಮಾರ್ ಎಂದು ಟೈಪಿಸಿ ನೋಡಿ. ಮೊದಲೆರಡು ಒತ್ತಿನ ಮೇಲಿನ ಒತ್ತನ್ನೂ ಮೂರನೆಯದು ಅರ್ಕಾವೊತ್ತನ್ನೂ ಪರೀಕ್ಷಿಸುತ್ತವೆ. ಕೊನೆಯದರಲ್ಲಿ ಜ್ ಮತ್ತು ಕು ನಡುವೆ ಜೀರೋ-ವಿಡ್ತ್ ನಾನ್-ಜಾಯ್ನರ್ (ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಗುರುತು) ಹಾಕದಿದ್ದರೆ 'ರಾಜ್ಕುಮಾರ್' ಆಗಿಬಿಡುತ್ತದೆ. ಮದುಮಕ್ಕಳ ಹೆಸರಿನಲ್ಲಿ ಇಂಥ ತಪ್ಪು ಸಲ್ಲದು. 'ಚಿ॥ ಸೌ॥' ಕೂಡ ನೋಡಿ: ಆ ಜೋಡಿಗೆರೆಗೆ ಯೂನಿಕೋಡ್‌ನಲ್ಲಿ ಸ್ಥಾನವಿರುವುದು ದೇವನಾಗರಿ ವಿಭಾಗದಲ್ಲಿ. ಕನ್ನಡ ಫಾಂಟ್‌ನಲ್ಲಿ ಅದಿಲ್ಲದಿದ್ದರೆ ಬೇರೆ ಫಾಂಟ್‌ನ ಗೆರೆ ನುಸುಳಿ ಎದ್ದು ಕಾಣುತ್ತದೆ. ಆಗ ಆ ಗುರುತಿಗಷ್ಟೇ ದಪ್ಪ ಹೊಂದುವ ಫಾಂಟ್ ಕೊಡಿ.

ಹೆಸರು 28 ಪಾಯಿಂಟ್ ಇದ್ದರೆ ಸಾಲಿನ ಅಂತರ 42ರಿಂದ 46 ಇರಲಿ. ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತಕ್ಷರ ಬಿಡಿಬಿಡಿಯಾದರೆ ಟೈಪ್ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್-ರೆಡಿ ಲೇಔಟ್' ಆರಿಸಿ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ ಪಠ್ಯವಾದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಪ್ರಶ್ನೆ: ಬೇಲೂರಿನ ಶಾಸನದ ಲಿಪಿಯಲ್ಲೇ ಹೆಸರು ಬರೆಸಬಹುದೇ? (ಬೇಲೂರು)

ಉತ್ತರ: ಚೆನ್ನಕೇಶವ ದೇವಾಲಯ 1117ರದು. ಅಂದಿನ ಹಲವು ಅಕ್ಷರರೂಪಗಳು ಇಂದಿನ ಓದುಗರಿಗೆ ಗುರುತು ಸಿಗವು, ನೆಂಟರು ಹೆಸರು ತಡಕಾಡಬೇಕಾದೀತು. ದುಂಡು ಮತ್ತು ಬಳ್ಳಿಯಂಥ ತಿರುವುಗಳನ್ನು ಮಾತ್ರ ತೆಗೆದುಕೊಂಡು, ಇಂದಿನ ಅಕ್ಷರರೂಪದಲ್ಲೇ ಕಲಾವಿದರಿಂದ ಕೈಯಲ್ಲಿ ಬರೆಸಿ. ಬರಹ ಮುದ್ರಣದ ಅಳತೆಯ ಎರಡರಷ್ಟು ದೊಡ್ಡದಿರಲಿ, 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ.