ಮಕ್ಕಳ ಜೊತೆ ಕಾರಿನಲ್ಲಿ ಬೆಂಗಳೂರಿಂದ ಮೈಸೂರಿಗೆ ಹೋಗಿಬರಲು ಖರ್ಚು ಕಡಿಮೆ ಮಾಡುವುದು ಹೇಗೆ?

ಮಕ್ಕಳಿದ್ದರೆ ದುಡ್ಡು ಸೋರುವುದು ದಾರಿಬದಿಯ ಹೋಟೆಲಿನಲ್ಲಿ. ಬುತ್ತಿ ಕಟ್ಟಿಕೊಳ್ಳಿ. ಬರೀ ಮೊಸರು ಕಲಸಿದ ಅನ್ನ ಮಧ್ಯಾಹ್ನಕ್ಕೆ ಹುಳಿಯಾಗಿ ಮಕ್ಕಳು ಮುಟ್ಟುವುದಿಲ್ಲ. ಒಂದು ಪಾವು ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಅನ್ನ ಪೂರ್ತಿ ಆರಿದ ಮೇಲೆ ಕಾಯಿಸಿ ಆರಿಸಿದ ಅರ್ಧ ಲೀಟರ್ ಹಾಲು, ಎರಡೇ ಚಮಚ ಮೊಸರು ಕಲಸಿ. ಬೆಳಿಗ್ಗೆ ಆರಕ್ಕೆ ಕಲಸಿದ್ದು ಊಟದ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ. ಕಾಯಿಚಟ್ನಿ ಬೇಡ, ಸೆಖೆಗೆ ಹಳಸುತ್ತದೆ, ಚಟ್ನಿಪುಡಿ ಸಾಕು.

ಎಕ್ಸ್‌ಪ್ರೆಸ್‌ವೇ ಟೋಲಿನಲ್ಲಿ 24 ಗಂಟೆಯೊಳಗೆ ಮರಳಿದರೆ ಹೋಗಿಬರಲು ಸೇರಿ ಒಂದು ಕಡೆಯ ಶುಲ್ಕದ ಒಂದೂವರೆ ಪಟ್ಟು ಮಾತ್ರ. ಫಾಸ್ಟ್‌ಟ್ಯಾಗ್ ಬ್ಯಾಲೆನ್ಸ್ ಹಿಂದಿನ ರಾತ್ರಿಯೇ ನೋಡಿ. ಅದರಲ್ಲಿ ದುಡ್ಡಿಲ್ಲದಿದ್ದರೆ ಟೋಲ್ ಹೆಚ್ಚು ಬೀಳುತ್ತದೆ.

ಶ್ರೀರಂಗಪಟ್ಟಣದ ದರಿಯಾ ದೌಲತ್, ಸೋಮನಾಥಪುರದ ದೇವಾಲಯ ಎರಡರಲ್ಲೂ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.