ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ: ಕುರಿಮಾಂಸದ ವಾಸನೆ, ಫ್ರಿಜ್ಜು ಮತ್ತು ಒಲೆ

ಪ್ರಶ್ನೆ: ತವರಿನಲ್ಲಿ ಆಡಿನ ಮಾಂಸವೇ ರೂಢಿ. ಇಲ್ಲಿ ಅತ್ತೆಮನೆಯಲ್ಲಿ ಕುರಿಯನ್ನೇ ತರುತ್ತಾರೆ. ಮೂರು ನಾಲ್ಕು ನೀರಿನಲ್ಲಿ ತೊಳೆದರೂ ಅದರ ವಾಸನೆ ಹೋಗುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಜತ್ತ

ಉತ್ತರ: ಮೊದಲು ತೊಳೆಯುವುದನ್ನು ಬಿಡಿ, ತಾಯಿ. ಆ ವಾಸನೆ ಇರುವುದು ಕೊಬ್ಬಿನೊಳಗೆ. ನೀರಿಗೆ ಅದು ಜಗ್ಗುವುದಿಲ್ಲ, ಬದಲಿಗೆ ಮಾಂಸದ ಮೇಲಿನ ರೋಗಾಣುಗಳು ಸಿಂಕಿನ ತುಂಬ ಸಿಡಿಯುತ್ತವೆ. ಕುರಿಯ ಕೊಬ್ಬಿನಲ್ಲಿ ಕವಲೊಡೆದ ರಚನೆಯ ಕೆಲವು ಕೊಬ್ಬಿನಾಮ್ಲಗಳಿರುತ್ತವೆ. ಅವು ಅತ್ಯಲ್ಪ ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಕುರಿಗೆ ವಯಸ್ಸಾದಂತೆ ಆ ವಾಸನೆ ಬಲವಾಗುತ್ತದೆ. ಬೀಜ ಒಡೆಯದ, ಬಲಿತ ಟಗರಿನಲ್ಲಂತೂ ಇನ್ನೂ ಕಟು.

ಆದ್ದರಿಂದ ಪರಿಹಾರ ಅಂಗಡಿಯಲ್ಲೇ ಶುರುವಾಗಬೇಕು. ತಲೆ ಅಲ್ಲೇ ಇದ್ದರೆ ಸಂಕೋಚಪಡದೆ ಬಾಯಿ ಬಿಡಿಸಿ ನೋಡಿ. ಮುಂದಿನ ಹಲ್ಲುಗಳೆಲ್ಲ ಸಣ್ಣ ಹಾಲುಹಲ್ಲುಗಳಾಗಿದ್ದರೆ ಅದು ಸುಮಾರು ಒಂದು ವರ್ಷದೊಳಗಿನ ಮರಿ. ನಡುವೆ ಎರಡು ದೊಡ್ಡ ಹಲ್ಲು ಬಂದಿದ್ದರೆ ವರ್ಷ ದಾಟಿದೆ. ಎಂಟೂ ದೊಡ್ಡವಾಗಿದ್ದರೆ ನಾಲ್ಕು ವರ್ಷದ ಆಸುಪಾಸು, ಅದು ನಿಮಗಲ್ಲ. ತಲೆ ಕಾಣದಿದ್ದರೆ ಎಲುಬು ನೋಡಿ: ಎಳೆಯದರಲ್ಲಿ ತುಂಡಾದ ಕಡೆ ಕೆಂಪಾಗಿ, ರಂಧ್ರರಂಧ್ರವಾಗಿರುತ್ತದೆ; ಬಲಿತದ್ದರಲ್ಲಿ ಬೆಳ್ಳಗೆ, ಗಟ್ಟಿಯಾಗಿರುತ್ತದೆ.

ನೀವಿರುವುದು ಎಂಥ ಸೀಮೆಯಲ್ಲಿ ಎಂಬುದನ್ನೂ ಹೇಳಲೇಬೇಕು. ಮಾಡಗ್ಯಾಳ ನಿಮ್ಮ ತಾಲ್ಲೂಕಿನದೇ ಊರು. ಬಿಳಿ ಮೈಮೇಲೆ ಕಂದು ಮಚ್ಚೆ, ಎತ್ತರದ ಕಾಲು, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು: ಆ ಊರಿನ ಹೆಸರು ಹೊತ್ತ ಕುರಿಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಅದು ಬೇಗ ಬೆಳೆಯುತ್ತದೆ. ಎಂದರೆ, ಕಟು ವಾಸನೆ ಹತ್ತುವ ಮೊದಲೇ, ಎಳೆಯ ವಯಸ್ಸಿನಲ್ಲೇ ಮೈತುಂಬ ಮಾಂಸ ಕೊಡುತ್ತದೆ. ಈ ಬರಗಾಲದ ಸೀಮೆಯಲ್ಲಿ ಕುರುಬರು ಇಂಥ ತಳಿಯನ್ನು ಉಳಿಸಿಕೊಂಡು ಬಂದದ್ದು ಸಣ್ಣ ಮಾತಲ್ಲ. ನೌಕರಿಯಲ್ಲಿದ್ದಾಗ ಅವರ ಹಟ್ಟಿಗಳಿಗೆ ಲಸಿಕೆ ಹಾಕಲು ಹೋದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚಿದೆ. ಎಳೆಯ ಮಾಡಗ್ಯಾಳ ಮರಿಯ ಮಾಂಸ ಸಿಕ್ಕರೆ ಬಿಡಬೇಡಿ.

ಅಡುಗೆಗೆ ಮುಂಚೆ ಹೊರಗಿನ ದಪ್ಪ ಕೊಬ್ಬನ್ನು ಚಾಕುವಿನಿಂದ ತೆಗೆಯಿರಿ. ಎಳೆಗಳ ನಡುವಿನದ್ದು ಇರಲಿ, ರುಚಿ ಅದರಲ್ಲಿದೆ. ಅರಿಶಿನ, ಶುಂಠಿ, ಬೆಳ್ಳುಳ್ಳಿ ಹಾಕಿ ಮೊದಲು ಅಳಣಿ, ಎಂದರೆ ಖಾರ-ಮಸಾಲೆ ಹಾಕದ ಸಪ್ಪೆ ಸಾರು, ಬೇಯಿಸಿ, ಮೇಲೆ ತೇಲುವ ಕೊಬ್ಬನ್ನು ಸೌಟಿನಿಂದ ತೆಗೆದಿಡಿ. ಸುಟ್ಟ ಈರುಳ್ಳಿ, ಹುರಿದ ಒಣಕೊಬ್ಬರಿ, ಖಾರ ಆಮೇಲೆ. ತಿಂಗಳೊಪ್ಪತ್ತಿನಲ್ಲಿ, ತೆಗೆದಿಟ್ಟ ಕೊಬ್ಬಿನಿಂದ ಒಂದೊಂದು ಚಮಚ ಮರಳಿ ಸೇರಿಸಿ ನೋಡಿ. ಬಿಸಿ ಜೋಳದ ರೊಟ್ಟಿಗೆ ಆ ಘಮ ಇಲ್ಲದಿದ್ದರೆ ಕುರಿ ತಂದು ಏನು ಪ್ರಯೋಜನ?

ಪ್ರಶ್ನೆ: ಜಾತ್ರೆಯಲ್ಲಿ ಮರಿ ಕೊಯ್ದಾಗ ಮಾಂಸ ಉಳಿಯುತ್ತದೆ. ಕೂಡಲೇ ಫ್ರೀಜರ್‌ಗೆ ಹಾಕುತ್ತೇವೆ. ಆದರೂ ಮುಂದೆ ಬೇಯಿಸಿದಾಗ ಬಿರುಸು, ಒಂದು ಥರದ ಹಳಸಲು ರುಚಿ. ಕರೆಂಟಿನ ಕಾಟವೂ ಇದೆ.
– ಓದುಗರೊಬ್ಬರು, ಉಮದಿ

ಉತ್ತರ: ಆ ‘ಕೂಡಲೇ’ಯಿಂದಲೇ ಬಿರುಸು ಬರುತ್ತದೆ. ಕೊಯ್ದ ಮೇಲೆ ಸ್ನಾಯು ಸೆಟೆದುಕೊಂಡು, ಮತ್ತೆ ಸಡಿಲಾಗಲು ಹೊತ್ತು ಬೇಕು. ಸೆಟೆಯುವ ಮೊದಲೇ ವಿಪರೀತ ತಣ್ಣಗಾದರೆ ಎಳೆಗಳು ಕುಗ್ಗಿ ಹಾಗೆಯೇ ಬಿಗಿದುಕೊಳ್ಳುತ್ತವೆ. ಕೊಯ್ದ ಒಂದೆರಡು ಗಂಟೆಯೊಳಗೆ ದೊಡ್ಡ ತುಂಡುಗಳನ್ನು ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳ ಅರೆಗೆ ಇಡಿ. ಒಂದು ದಿನ ಕಳೆದ ಮೇಲೆ ಫ್ರೀಜರ್‌ಗೆ ಹಾಕಿ. ಹಳಸಲು ರುಚಿ ಕೊಬ್ಬು ಗಾಳಿಗೆ ಕೆಡುವುದರಿಂದ ಬರುತ್ತದೆ. ಚಳಿ ಅದನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ಉಪ್ಪು ಹಚ್ಚಿ ಫ್ರೀಜರ್‌ನಲ್ಲಿಟ್ಟರೆ ಇನ್ನೂ ಬೇಗ ಕೆಡುತ್ತದೆ. ಉಪ್ಪಿಲ್ಲದೆ, ಕೊಬ್ಬು ತೆಗೆದು, ಗಾಳಿ ಹಿಂಡಿದ ಚೀಲದಲ್ಲಿ ಒಂದು ಹೊತ್ತಿನ ಅಡುಗೆಗೆ ಬೇಕಾದಷ್ಟೇ ಕಟ್ಟಿಡಿ. ಲಿವರ್, ಕರುಳು, ಖೀಮಾ ಇವನ್ನು ಫ್ರಿಜ್ಜಿನಲ್ಲಿ ಒಂದೆರಡು ದಿನ ಮೀರಿ ಇಡಬೇಡಿ; ತುಂಡು ಮಾಂಸಕ್ಕೆ 4 ಡಿಗ್ರಿಯಲ್ಲಿ ಮೂರರಿಂದ ಐದು ದಿನ.

ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಸುಮಾರು 48 ಗಂಟೆ ತಾಳುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಕೆಳಗಿನ ಫ್ರಿಜ್ಜು ನಾಲ್ಕೇ ಗಂಟೆ. ಖಾಲಿ ಜಾಗದಲ್ಲಿ ನೀರಿನ ಬಾಟಲಿ ಇಟ್ಟು ತುಂಬಿಸಿ. ಕರಗಿಸುವುದು ಫ್ರಿಜ್ಜಿನ ಒಳಗೇ, ರಾತ್ರಿಯಿಡೀ. ಅಡುಗೆ ಕಟ್ಟೆಯ ಮೇಲೆ ಬೇಡವೇ ಬೇಡ.

ಪ್ರಶ್ನೆ: ಕುರಿಯ ಸಾರು ಉಣ್ಣುವಾಗ ತುಟಿಗೆ ಮೇಣ ಹತ್ತಿದಂತಾಗುತ್ತದೆ. ಮಾಂಸ ಕೆಟ್ಟಿದೆಯೇ?
– ಓದುಗರೊಬ್ಬರು, ಅಕ್ಕಲಕೋಟೆ

ಉತ್ತರ: ಇಲ್ಲ. ಕುರಿಯ ಕೊಬ್ಬು ಕರಗಲು ನಮ್ಮ ಮೈಯ ಬಿಸಿ ಸಾಲದು, 40 ಡಿಗ್ರಿಯನ್ನು ಚೆನ್ನಾಗಿಯೇ ದಾಟಬೇಕು. ಆರಿದ ಸಾರಿನಲ್ಲಿ ಅದು ಗಟ್ಟಿಯಾಗುತ್ತದೆ. ಕುದಿಯುವ ಸಾರನ್ನು ಬಿಸಿ ಬಟ್ಟಲಿಗೆ ಬಡಿಸಿ, ಬಟ್ಟಲು ಸ್ಟೀಲಿನದಕ್ಕಿಂತ ದಪ್ಪ ಪಿಂಗಾಣಿಯದಾದರೆ ಒಳ್ಳೆಯದು. ರೊಟ್ಟಿ ತಟ್ಟಿ ಮುಗಿಯುವವರೆಗೆ ಸಾರು ಒಲೆಯ ಮೇಲೆಯೇ ಇರಲಿ.