ಸಿಇಆರ್ ಕಡತ ಕೈಯಲ್ಲಿದ್ದರೂ ಟೆಂಡರ್‌ಗೆ ಸಹಿ ಹಾಕಲು ಏಕೆ ಆಗುತ್ತಿಲ್ಲ?

ಆಡಿಟರ್ ಇಮೇಲ್ ಮಾಡಿದ ಸಿಇಆರ್ ಕಡತದಿಂದ ಸಹಿ ಹಾಕಲು ಆಗುತ್ತಿಲ್ಲ, ಪಿಎಫ್‌ಎಕ್ಸ್ ಕೊಡಿ ಎಂದರೆ ಬರುವುದಿಲ್ಲ ಎನ್ನುತ್ತಾರೆ, ಆಟ ಆಡಿಸುತ್ತಿದ್ದಾರೆಯೇ ಎಂದು ಕೇಳಿದ್ದೀರಿ. ಇಲ್ಲ, ಅವರು ಹೇಳಿದ್ದು ಸರಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಗುತ್ತಿಗೆದಾರರಿಗೆ ಇ-ಟೆಂಡರ್ ಕೆಲಸ ಮಾಡಿಕೊಡುವವನು ನಾನು. ಗುಬ್ಬಿ, ಶಿರಾ ಕಡೆಯಿಂದ ಬರುವವರಿಗೂ ಇದೇ ಗೊಂದಲ.

ಡಿಜಿಟಲ್ ಸಹಿಗೆ ಜೋಡಿ ಕೀಲಿಗಳಿರುತ್ತವೆ. ಖಾಸಗಿ ಕೀಲಿಯಿಂದ ಸಹಿ ಹಾಕುವುದು, ಸಾರ್ವಜನಿಕ ಕೀಲಿಯಿಂದ ಅದನ್ನು ಪರೀಕ್ಷಿಸುವುದು. ಸಿಇಆರ್ ಎಂದರೆ ಬರೀ ಪ್ರಮಾಣಪತ್ರ; ಅದರಲ್ಲಿರುವುದು ನಿಮ್ಮ ಹೆಸರು, ಅವಧಿ, ಸಾರ್ವಜನಿಕ ಕೀಲಿ ಮತ್ತು ಇವೆಲ್ಲ ನಿಮ್ಮದೇ ಎಂದು ಒಪ್ಪಿದ ಸಂಸ್ಥೆಯ ಸಹಿ. ಪಹಣಿಯ ನಕಲು ಯಾರ ಕೈಗೆ ಸಿಕ್ಕರೂ ಅವರು ನಿಮ್ಮ ಜಮೀನು ಮಾರಲಾರರು, ಇದೂ ಹಾಗೆಯೇ.

ಪಿಎಫ್‌ಎಕ್ಸ್ ಬೇರೆ ಜಾತಿ. ಅದರಲ್ಲಿ ಪ್ರಮಾಣಪತ್ರದ ಜೊತೆ ಖಾಸಗಿ ಕೀಲಿಯೂ ಇರುತ್ತದೆ, ಕಾವಲಿಗೆ ಒಂದು ಪಾಸ್‌ವರ್ಡ್ ಮಾತ್ರ. ಹೆಸರಿನ ಕೊನೆಗೆ ಪಿ12 ಎಂದಿದ್ದರೂ ಅದೇ. ಪಿಇಎಂ ಎಂಬ ಅಕ್ಷರರೂಪದ ಕಡತ ಸಿಕ್ಕರೆ ನೋಟ್‌ಪ್ಯಾಡ್‌ನಲ್ಲಿ ತೆರೆದು, ಅಡ್ಡಗೆರೆಗಳ ನಡುವಿನ ಸಾಲು ಓದಿ. 'ಬಿಗಿನ್ ಸರ್ಟಿಫಿಕೇಟ್' ಎಂದಿದ್ದರೆ ಚಿಂತೆಯಿಲ್ಲ. 'ಬಿಗಿನ್ ಪ್ರೈವೇಟ್ ಕೀ' ಎಂದಿದ್ದರೆ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳುಹಿಸಬೇಡಿ. ಎರಡೂ ಒಂದೇ ಕಡತದಲ್ಲಿ ಇರಬಹುದು, ಕೊನೆಯವರೆಗೂ ನೋಡಿ. ಕೆಳಗಿನ ತಲೆಬುಡವಿಲ್ಲದ ಅಕ್ಷರಗಳು ಸಾಮಾನ್ಯವಾಗಿ ಎರಡರಲ್ಲೂ 'ಎಂಐಐ' ಎಂದೇ ಶುರುವಾಗುತ್ತವೆ, ಅವುಗಳಿಂದ ಏನೂ ತಿಳಿಯುವುದಿಲ್ಲ.

ಹಾಗಾದರೆ ನಿಮ್ಮ ಖಾಸಗಿ ಕೀಲಿ ಎಲ್ಲಿದೆ? ಆಡಿಟರ್ ಬಳಿಯೇ ಇರುವ, ಪೆನ್‌ಡ್ರೈವ್‌ನಂತೆ ಕಾಣುವ ಯುಎಸ್‌ಬಿ ಟೋಕನ್‌ನಲ್ಲಿ. ಟೆಂಡರ್‌ಗೆ ಬಳಸುವ ಕ್ಲಾಸ್ 3 ಪ್ರಮಾಣಪತ್ರದ ಸಹಿ ಕೀಲಿ ಟೋಕನ್ ಒಳಗೇ ಹುಟ್ಟುತ್ತದೆ, ಸಹಿಯ ಲೆಕ್ಕವೂ ಅಲ್ಲೇ ನಡೆಯುತ್ತದೆ. ಅದನ್ನು ಪಿಎಫ್‌ಎಕ್ಸ್ ಮಾಡಿ ಹೊರತೆಗೆಯಲು ಆಡಿಟರ್‌ಗೂ ಸಾಧ್ಯವಿಲ್ಲ, ನನಗೂ ಸಾಧ್ಯವಿಲ್ಲ. ವಿಂಡೋಸ್‌ನಲ್ಲಿ ಟೋಕನ್ ಸಿಕ್ಕಿಸಿ, ಪಟ್ಟಿಯಲ್ಲಿರುವ ನಿಮ್ಮ ಪ್ರಮಾಣಪತ್ರವನ್ನು ತೆರೆದರೆ, ಮೊದಲ ಪುಟದ ಕೆಳಗೆ ಪುಟ್ಟ ಕೀಲಿಯ ಚಿತ್ರದೊಂದಿಗೆ ಖಾಸಗಿ ಕೀಲಿ ಇದೆ ಎಂಬ ಸಾಲು ಕಾಣುತ್ತದೆ. ಬರೀ ಸಿಇಆರ್ ಕಡತ ತೆರೆದಾಗ ಆ ಸಾಲು ಕಾಣುವುದಿಲ್ಲ.

ನನ್ನನ್ನು ಕೇಳಿದರೆ, ನೀವು ಜಗಳ ತೆಗೆಯಬೇಕಾದದ್ದು ಟೋಕನ್ ಆಡಿಟರ್ ಡ್ರಾಯರ್‌ನಲ್ಲಿ ಏಕಿದೆ ಎಂಬುದಕ್ಕೆ. ಟೋಕನ್ ಮೇಲೆಯೇ ಪಿನ್ ಬರೆದು ಅಂಟಿಸಿದ ಚೀಟಿಗಳನ್ನು ನಾನು ಕಂಡಿದ್ದೇನೆ! ಖಾಸಗಿ ಕೀಲಿ ತನ್ನ ಹಿಡಿತದಲ್ಲೇ ಇರುವಂತೆ ನೋಡಿಕೊಳ್ಳುವುದು ಪ್ರಮಾಣಪತ್ರ ಪಡೆದವನ ಹೊಣೆ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಸೆಕ್ಷನ್ ಹೇಳುತ್ತದೆ. ಟೋಕನ್ ತರಿಸಿಕೊಂಡು ಪಿನ್ ಬದಲಿಸಿ. ಹಳೆಯ ಪಿನ್ ಅವರಿಂದಲೇ ಕೇಳಿ ಪಡೆಯಿರಿ, ಊಹಿಸಿ ಒತ್ತಬೇಡಿ: ಕೆಲವು ಸಲ ತಪ್ಪಿದರೆ ಟೋಕನ್ ಲಾಕ್ ಆಗುತ್ತದೆ. ಆಗ ಯಾರಾದರೂ ಅದನ್ನು ಇನಿಷಿಯಲೈಸ್ ಮಾಡಿದರೆ ಕೀಲಿಯೂ ಅಳಿಸಿಹೋಗಿ, ಹೊಸ ಪ್ರಮಾಣಪತ್ರಕ್ಕೆ ಮತ್ತೆ ದುಡ್ಡು ಕಟ್ಟಬೇಕಾಗುತ್ತದೆ.